ತಾಯಿ ಮಾದರಿ

ಧಾರವಾಡದ ಕಡೆ ಊಟಕ್ಕೆ ಕೂತವರು ‘ಸಾಕು’ ಎಂದರೆ ಸಾಕು ಎಂದು ಅರ್ಥವಲ್ಲ. ಮೊದಲನೆಯ ಸಾಕು ಮರ್ಯಾದೆಯದು, ಎರಡನೆಯದು ಸಂಕೋಚದ್ದು. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, ಮೈ ಬಾಗಿಸಿ, ‘ಆಣಿ ಮಾಡಿ ಹೇಳ್ತೀನವಾ, ಹೊಟ್ಟ್ಯಾಗ ಜಾಗಾನ ಇಲ್ಲ’ ಎಂದು ಗೋಗರೆದಾಗ ಬರುವುದು ಮಾತ್ರ ನಿಜವಾದ ಸಾಕು. ಅದಾದ ಮೇಲೂ ಒಂದು ಹೋಳಿಗೆ ಜಾರಿಸಿ ಹೋಗುವವಳೇ ಗಟ್ಟಿ ಗೃಹಿಣಿ. ಹುಬ್ಬಳ್ಳಿ-ಧಾರವಾಡದ ನಡುವೆ ಚಾಲಕನಿಲ್ಲದ ಬಸ್ಸುಗಳು ಬಂದು, ಅವೂ ಹಳೆಯವಾಗಿ, ಅವುಗಳ ಸೀಟು ಹರಿದುಹೋದ ಕಾಲದಲ್ಲೂ ಈ ಲೆಕ್ಕ ಬದಲಾಗಿರಲಿಲ್ಲ. ಮಿಕ್ಸರಿನ ಗದ್ದಲವೂ ಬದಲಾಗಿರಲಿಲ್ಲ. ಅದು ಬೇರೆ ಮಾತು, ಅಲ್ಲಿಗೂ ಬರೋಣ.

ಈ ಉಪಚಾರದ ವಿದ್ಯೆಯಲ್ಲಿ ಸಪ್ತಾಪುರದ ಸುವರ್ಣಾಳನ್ನು ಮೀರಿಸುವವರು ಆ ಓಣಿಯಲ್ಲಿ ಯಾರೂ ಇರಲಿಲ್ಲ. ಬಂದವರು ಬಾಗಿಲಲ್ಲಿ ಚಪ್ಪಲಿ ಬಿಡುವ ರೀತಿ ನೋಡಿಯೇ ಹಸಿದಿದ್ದಾರೋ ಇಲ್ಲವೋ ಹೇಳುವಳು. ಪಂಕ್ತಿಯ ತುದಿಯಲ್ಲಿ ಕೂತವರ ಹುಬ್ಬು ಕೂದಲೆಳೆಯಷ್ಟು ಎದ್ದರೂ ಸಾಕು, ಅವರಿಗೆ ತುಪ್ಪ ಕಡಿಮೆಯಾಗಿದೆ ಎಂದು ಇವಳಿಗೆ ಅಡುಗೆಮನೆಯ ಬಾಗಿಲಿನಿಂದಲೇ ತಿಳಿಯುತ್ತಿತ್ತು. ಇಂಥವಳ ಹೊಟ್ಟೆಯಲ್ಲಿ ಇಂಚರಾ ಹುಟ್ಟಿದ್ದಳು. ಸಾಕು ಎಂದರೆ ಸಾಕು ಎಂದೇ ತಿಳಿಯುವ ಮಗಳು.

ಇಂಚರಾಗೆ ಈಗ ಇಪ್ಪತ್ತನಾಲ್ಕು. ತೀರ ಚಿಕ್ಕವಳಿದ್ದಾಗಲೇ ವೈದ್ಯರು ಆಟಿಸಂ ಎಂದಿದ್ದರು, ಕನ್ನಡದಲ್ಲಿ ಸ್ವಲೀನತೆ ಎನ್ನುತ್ತಾರೆಂದೂ ತಿಳಿಸಿದ್ದರು. ಮಾತು ತಡವಾಗಿ ಬಂತು, ಬಂದದ್ದು ನೆಟ್ಟಗೆ ಬಂತು. ಮುಖ ನೋಡಿ ಮಾತಾಡು ಎಂದರೆ ಮಾತು ಮರೆಯುವಳು, ಮಾತಾಡು ಎಂದರೆ ಮುಖ ಮರೆಯುವಳು. ಮಿಕ್ಸರ್ ಹಾಕಿದರೆ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಓಡುವಳು. ಆದರೆ ಫ್ಯಾನಿನ ಗುಂಯ್ ಸದ್ದು ಅವಳ ಪಾಲಿಗೆ ಜೋಗುಳ. ಮನೆಯ ಮಗ್ಗುಲಿನ ಕೋಣೆಯಲ್ಲಿ ಫ್ಯಾನು ರಿಪೇರಿಯ ಪುಟ್ಟ ಅಂಗಡಿ ಇಟ್ಟುಕೊಂಡಿದ್ದಳು. ಕೆಲಸದಲ್ಲಿ ಅಂಥ ಪವಾಡವೇನೂ ಇರಲಿಲ್ಲ. ಒಮ್ಮೊಮ್ಮೆ ತಂತಿ ಅದಲುಬದಲಾಗಿ ಫ್ಯಾನು ಉಲ್ಟಾ ತಿರುಗುತ್ತಿತ್ತು. ತಪ್ಪಾಗಿದ್ದನ್ನು ಗಿರಾಕಿ ಕೇಳುವ ಮೊದಲೇ ತಾನೇ ಹೇಳಿಬಿಡುತ್ತಿದ್ದಳು, ಹಾಗಾಗಿ ಗಿರಾಕಿಗಳು ಬೇರೆ ಅಂಗಡಿ ಹುಡುಕಿಕೊಂಡು ಹೋಗಲಿಲ್ಲ.

ಎಡವಟ್ಟಾದದ್ದು ಅವಳ ಅಪ್ಪ ಪಂಚಾಕ್ಷರಿ ಮಾಸ್ತರರು ಹೈಸ್ಕೂಲಿನ ಡ್ರಾಯಿಂಗ್ ಕೆಲಸದಿಂದ ನಿವೃತ್ತರಾದಾಗ ಇಟ್ಟುಕೊಂಡ ಹೋಳಿಗೆ ಊಟದಲ್ಲಿ. ಭಜಿ ಕರಿಯುವಾಗ ಸುವರ್ಣಾಳ ಕೈಗೆ ಎಣ್ಣೆ ಸಿಡಿಯಿತು, ಬಡಿಸುವ ಕೆಲಸ ಮಗಳ ಪಾಲಿಗೆ ಬಂತು. ಮಾಸ್ತರರ ಅಕ್ಕ, ಗದಗಿನ ಕಮಲಕ್ಕ, ಮೊದಲ ಹೋಳಿಗೆ ಮುಗಿಸಿ ಮರ್ಯಾದೆಗೆ ‘ಸಾಕವಾ’ ಎಂದರು. ಇಂಚರಾ ‘ಹೂಂ’ ಎಂದು ಮುಂದಿನವರ ಕಡೆ ಹೋದಳು. ತಿರುಗಿ ಬರಲಿಲ್ಲ. ಕಮಲಕ್ಕ ಎಲೆಯಲ್ಲಿ ಬೆರಳಾಡಿಸುತ್ತ ಕೂತೇ ಕೂತರು. ಕಡೆಗೆ ಅನ್ನಕ್ಕೂ ಸಾಕು ಎಂದು ಹೇಳಿ ಸಿಟ್ಟಿನಲ್ಲಿ ಎದ್ದರು, ಅದನ್ನೂ ಇಂಚರಾ ನಂಬಿದಳು.

“ತಮ್ಮನ ಮನ್ಯಾಗ ನನಗ ಒಂದ ಹೋಳಿಗಿಗೆ ಕೈ ತೊಳಸಿದ್ರವಾ,” ಎಂದು ಕಮಲಕ್ಕ ಗದಗಿನ ತುಂಬ ಹೇಳಿಕೊಂಡು ಬಂದರು. ಸುವರ್ಣಾ ಫೋನು ಮಾಡಿ ಬೇಡಿಕೊಂಡಾಗ ಸಿಟ್ಟು ಇಳಿದಂತೆ ಕಂಡಿತು. ಆದರೆ ಫೋನು ಇಡುವ ಮುಂಚೆ ಒಂದು ಮಾತು ಬಿಟ್ಟರು. “ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರ, ಇರಲಿ. ನಾಳೆ ನೀವಿಬ್ಬರೂ ಹ್ವಾದ ಮ್ಯಾಲ ಆ ಹುಡಿಗಿನ್ನ ಯಾರು ತಮ್ಮ ಮನ್ಯಾಗ ಇಟಗೋತಾರ ಸುವರ್ಣಾ? ನಾಕ ಮಂದಿ ಮನಸು ತಿಳಿಯದಾಕಿ ಹೆಂಗ ಬಾಳೇವು ಮಾಡ್ತಾಳ?”

ಕಮಲಕ್ಕ ಕೆಟ್ಟವರಲ್ಲ, ಅವರ ನಾಲಿಗೆಗೆ ಬಾಗಿಲಿರಲಿಲ್ಲ ಅಷ್ಟೆ. ಆದರೆ ಆ ಪ್ರಶ್ನೆ ಸುವರ್ಣಾಳ ಎದೆಯಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಕೆಲಗೇರಿ ಕೆರೆಯ ಆಚೆ ಹೊಸದಾಗಿ ತೆರೆದ ‘ಚಿತ್ತಸೇತು’ ಪ್ರಯೋಗಾಲಯಕ್ಕೆ ಆಟಿಸಂ ಇರುವ ದೊಡ್ಡವರು ಬೇಕಾಗಿದ್ದಾರೆ ಎಂದು ಕೇಳಿದ ದಿನವೇ ಅವಳು ಮಗಳನ್ನು ಕರೆದುಕೊಂಡು ಬಸ್ಸು ಹತ್ತಿದಳು.

*

ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರ್ ತಬಸ್ಸುಮ್ ಮುಲ್ಲಾ. ಹೆಬ್ಬಳ್ಳಿ ಕಡೆಯವರು, ಹಿಟ್ಟು ನಾದಿ ಗೊತ್ತಿದ್ದ ಹೆಂಗಸು. ಯಂತ್ರ ಏನು ಮಾಡುತ್ತದೆ ಎಂದು ಸುವರ್ಣಾ ಕೇಳಿದಾಗ ತೆರೆಯ ಮೇಲಿನ ಬಣ್ಣದ ಚಿತ್ರಗಳನ್ನು ಪಕ್ಕಕ್ಕೆ ಸರಿಸಿದರು.

“ಮಿದುಳು ಅಂದ್ರ ಒಂದು ಹಿಟ್ಟು ಸೋಸೋ ಸಾಣಿಗಿ ಅನಕೋರಿ. ಕಣ್ಣು, ಕಿವಿ, ಚರ್ಮ, ಎಲ್ಲಾ ಕಡೆಯಿಂದ ಹಿಟ್ಟು ಸುರೀತಾನ ಇರತೈತಿ. ಯಾವುದನ್ನ ಒಳಗ ಬಿಡಬೇಕು, ಯಾವುದನ್ನ ಹಿಡೀಬೇಕು ಅನ್ನೂದು ಸಾಣಿಗಿ ಕೆಲಸ. ನಿಮ್ಮ ಸಾಣಿಗಿ ಫ್ಯಾನಿನ ಸದ್ದು ಹಿಡಕೊಂಡು ಮಂದಿ ಮಕಾ ಒಳಗ ಬಿಡತೈತಿ. ಇಂಚರಾನ ಸಾಣಿಗಿಗೆ ಕಣ್ಣು ಬ್ಯಾರೆ. ಆಕಿಗೆ ಫ್ಯಾನೂ ಬರತೈತಿ, ಟ್ಯೂಬ್‌ಲೈಟೂ ಬರತೈತಿ, ಅಂಗಿ ಹೊಲಿಗಿನೂ ಬರತೈತಿ. ಮಕಾ ಎಲ್ಲೋ ಗದ್ದಲದಾಗ ಕಳದು ಹೋಗತೈತಿ.”

ಕಿವಿಗಳ ಹಿಂದಿನಿಂದ ಹಣೆಯವರೆಗೆ ಬರುವ ಒಂದು ತೆಳು ಪಟ್ಟಿ. ಹೆಸರು ಹದಪಟ್ಟಿ. ಸಣ್ಣ ಕಾಂತದ ಅಲೆಗಳನ್ನು ಕಳಿಸಿ, ಒಬ್ಬರ ಮಿದುಳು ಮತ್ತೊಬ್ಬರ ಮಿದುಳಿನ ಹಾಗೆ ಜಾಲಿಸುವಂತೆ ಮಾಡುವುದು ಅದರ ಕೆಲಸ. ಆ ಮತ್ತೊಬ್ಬರು ಯಾರೋ ಆಗಿದ್ದರೆ ಮಿದುಳು ಒಪ್ಪುವುದಿಲ್ಲ, ಒಡಹುಟ್ಟಿದವರೋ ಹೆತ್ತವರೋ ಆಗಬೇಕು. ಅದಕ್ಕೆ ‘ಮಾದರಿ’ ಎಂದು ಹೆಸರು. ಕೆಲವು ತಿಂಗಳು ಪಟ್ಟಿ ಹಾಕಿ ನೋಡುವುದು, ಸರಿಹೋದರೆ ಅಕ್ಕಿಕಾಳಿನಷ್ಟು ಬಿಲ್ಲೆಯೊಂದನ್ನು ಕಿವಿಯ ಹಿಂದೆ ಚರ್ಮದ ಕೆಳಗೆ ಕೂಡಿಸಿಬಿಡುವುದು. ಕೂಡಿಸಿದ ಮೇಲೆ ಅದು ಹೊರಗೆ ಬರುವಂತಿಲ್ಲ. ಒಪ್ಪಿಗೆ ಇಂಚರಾಳದೇ ಆಗಬೇಕು ಎಂದು ಡಾಕ್ಟರು ಒತ್ತಿ ಹೇಳಿದರು. ಆದರೆ ಅವ್ವ ಹೂಂ ಎಂದರೆ ಮಗಳೂ ಹೂಂ ಎನ್ನುತ್ತಾಳೆ ಎಂಬುದು ಸುವರ್ಣಾಳಿಗೆ ಗೊತ್ತಿತ್ತು. ಮಗಳ ತಲೆಯೊಳಗೆ ಏನಿರಬೇಕೆಂಬುದು ಅವಳ ಒಂದು ಮಾತಿನ ಮೇಲೆ ನಿಂತಿತ್ತು.

“ಇದು ಕಾಯಿಲೆನ ಹೌದಲ್ಲರಿ?” ಎಂದು ಸುವರ್ಣಾ ಕೇಳಿಬಿಟ್ಟಳು. ಕೇಳಬಾರದಿತ್ತು. ಆ ಕೋಣೆಯಲ್ಲಿ ಅದು ಒಣಹುಲ್ಲಿಗೆ ಕಡ್ಡಿ ಗೀರಿದ ಹಾಗೆ.

“ಅಲ್ರೀ,” ಎಂದರು ಡಾಕ್ಟರ್ ಮುಲ್ಲಾ.

“ಹೌದ್ರೀ,” ಎಂದಿತು ಯಂತ್ರದ ಹಿಂದಿನಿಂದ ಒಂದು ದನಿ. ಹದಪಟ್ಟಿಯನ್ನು ಕಟ್ಟಿದ ಎಂಜಿನಿಯರ್ ಉದಯ ಜೋಶಿ.

“ಒಂದು ಕಾಲಕ್ಕ ಎಡಗೈಲೆ ಬರಿಯೋ ಹುಡುಗರನ್ನ ಹೊಡದು ಬಲಗೈ ಮಾಡ್ತಿದ್ರು,” ಎಂದರು ಡಾಕ್ಟರು. “ಎಡಗೈ ಕಾಯಿಲೆ ಆಗಿತ್ತೇನು? ಇವರದು ಒಂದು ರೀತಿ, ನಮ್ಮದು ಒಂದು ರೀತಿ. ನಾವು ಮಂದಿ ಜಾಸ್ತಿ ಇದ್ದೀವಿ ಅಂತ ನಮ್ಮದು ಆರೋಗ್ಯ ಆತು.”

“ನಮ್ಮ ತಮ್ಮ ಎಡಗೈಯಾಂವ ಅಲ್ಲ ಮೇಡಂ,” ಎಂದ ಜೋಶಿ. ದನಿ ಏರಿಸಲಿಲ್ಲ. “ಅವಂಗ ಒಂದ ಮಾತೂ ಬರೂದಿಲ್ಲ. ಸದ್ದಾದ್ರ ಗ್ವಾಡಿಗೆ ತಲಿ ಬಡಕೋತಾನ. ನಮ್ಮವ್ವ ಅಂವನ ತಲಿಗೂ ಗ್ವಾಡಿಗೂ ನಡುವ ತನ್ನ ಕೈ ಇಟ್ಟು ಇಟ್ಟು ಬೆರಳು ಸೊಟ್ಟ ಆಗ್ಯಾವ. ಅದನ್ನ ‘ಒಂದು ರೀತಿ’ ಅಂದ್ರ ನನಗ ಸಿಟ್ಟು ಬರತದ. ಕಾಯಿಲೆ ಅಂದ್ರ ಔಷಧ ಹುಡುಕ್ತಾರ. ರೀತಿ ಅಂದ್ರ ಮಂದಿ ಕೈ ತೊಳಕೊಂಡು ಹೋಗ್ತಾರ.”

ಈ ಜಗಳ ಇಬ್ಬರಿಗೂ ಹಳೆಯದು, ಇಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಹಂಚಿಕೊಳ್ಳುವವರು. ಸುವರ್ಣಾಳಿಗೆ ಇಬ್ಬರ ಮಾತೂ ಸರಿ ಎನಿಸಿ ತಲೆ ಚಿಟ್ಟು ಹಿಡಿಯಿತು. “ನೀವಿಬ್ಬರೂ ಶಾಣ್ಯಾರದೀರಿ. ನನ್ನ ಮಗಳು ನಾಕ ಮಂದ್ಯಾಗ ಬಾಳೇವು ಮಾಡುವಂಗ ಮಾಡ್ರಿ, ಸಾಕು,” ಎಂದಳು. ಇಂಚರಾ ಇಷ್ಟು ಹೊತ್ತೂ ಮೂಲೆಯ ಏರ್ ಕೂಲರಿನ ರೆಕ್ಕೆ ನೋಡುತ್ತ ನಿಂತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಮರುದಿನ ಸುವರ್ಣಾಳ ಮಾದರಿ ತೆಗೆದುಕೊಳ್ಳುವುದಿತ್ತು. “ಮನಿಯೊಳಗ ಹೆಂಗ ಇರ್ತೀರಿ ಹಂಗ ಇರ್ರಿ, ಅಷ್ಟ ಸಾಕು,” ಎಂದ ಜೋಶಿ, ಅವಳ ತಲೆಗೆ ಮಿದುಳಿನ ಗೆರೆ ಹಿಡಿಯುವ ಟೋಪಿ ಹಾಕಿ. ಮನೆಯಲ್ಲಿ ಇರುವ ಹಾಗೆ ಎಂದರೆ ಸುವರ್ಣಾ ಸುಮ್ಮನೆ ಕೂಡುವುದು ಹೇಗೆ? ಬರುವಾಗಲೇ ಶೇಂಗಾ ಉಂಡಿ, ಅವಲಕ್ಕಿ ಚೂಡಾ ತಂದಿದ್ದಳು. ಟೋಪಿಯ ತಂತಿ ಎಳೆದುಕೊಂಡೇ ಎಲ್ಲರಿಗೂ ಹಂಚಿದಳು. ಜೋಶಿ ಸಾಕು ಎಂದ, ಅದು ಮರ್ಯಾದೆಯ ಸಾಕು ಎಂದು ತಕ್ಷಣ ಹಿಡಿದಳು. ಎರಡನೆಯ ಉಂಡಿ ಕೊಟ್ಟಳು, ಮುಖ ನೋಡಿ ಮೂರನೆಯದೂ ಇಟ್ಟಳು. ಬೆಳಿಗ್ಗೆಯಿಂದ ಏನೂ ತಿಂದಿರದ ಜೋಶಿ ಬಾಯಿ ತುಂಬಿಕೊಂಡು ಗುಂಡಿ ಒತ್ತಿದ. ತೆರೆಯ ಮೇಲೆ ಮೂಡಿದ ಗೆರೆಗಳ ಕೆಳಗೆ ‘ಸಹಜ ಸ್ಥಿತಿ’ ಎಂದು ಬರೆದ.

*

ಹದಪಟ್ಟಿ ಹಾಕಿಕೊಂಡು ಮನೆಗೆ ಬಂದ ಇಂಚರಾ ಮೊದಲು ಹೇಳಿದ್ದು, “ಅವ್ವಾ, ಮಿಕ್ಸರ್ ಹಾಕು.”

ಸುವರ್ಣಾ ಹೆದರುತ್ತಲೇ ಗುಂಡಿ ತಿರುವಿದಳು. ಮಗಳು ಕಿವಿ ಮುಚ್ಚಲಿಲ್ಲ. ಮಿಕ್ಸರಿನ ಮೇಲೆ ಅಂಗೈ ಇಟ್ಟು, ಮುದಿಯಾಗಿ ಹಲ್ಲು ಬಿದ್ದ ಹಳೆಯ ವೈರಿಯನ್ನು ನೋಡುವ ಹಾಗೆ ನೋಡಿ ನಕ್ಕಳು. ಸುವರ್ಣಾಳ ಕಣ್ಣಲ್ಲಿ ನೀರು ಬಂತು. ಅಂದು ಸುಮ್ಮಸುಮ್ಮನೆ ಮೂರು ಥರದ ಚಟ್ನಿ ಆದವು, ಮಾಸ್ತರರು ತಕರಾರಿಲ್ಲದೆ ಮೂರನ್ನೂ ತಿಂದರು.

“ಆದ್ರ ಫ್ಯಾನು ಸುಮ್ಮಗ ಆಗೇತಿ,” ಎಂದಳು ಇಂಚರಾ, ರಾತ್ರಿ ಮಲಗುವಾಗ ಸೂರು ನೋಡುತ್ತ. “ತಿರಗಾಕತ್ತೈತಿ, ಆದ್ರ ನನ್ನ ಕೂಡ ಮಾತಾಡವಲ್ದು.”

ದೀಪಾವಳಿ ಬಂತು. ಸುವರ್ಣಾ ಬೇಕೆಂದೇ ಗದಗಿಗೆ ಫೋನು ಮಾಡಿ ಕಮಲಕ್ಕನನ್ನು ಕರೆಸಿದಳು. ಬೇಕೆಂದೇ ಹೋಳಿಗೆ ಬುಟ್ಟಿಯನ್ನು ಮಗಳ ಕೈಗೆ ಕೊಟ್ಟು, ತಾನು ಬಾಗಿಲ ಮರೆಯಲ್ಲಿ ನಿಂತಳು.

“ಸಾಕವಾ,” ಎಂದರು ಕಮಲಕ್ಕ.

ಇಂಚರಾ ನಿಂತಳು. ಕಮಲಕ್ಕನ ಮುಖವನ್ನೇ ನೋಡಿದಳು. “ಸಾಕಂತ ಬಾಯಿ ಹೇಳತೈತಿ ಅತ್ತಿ, ಮಕಾ ಹೇಳವಲ್ದು,” ಎಂದು ಒಂದು ಹೋಳಿಗೆ ಹಾಕಿದಳು. ತುಪ್ಪ ಹಾಕಿದಳು. ಮತ್ತೆ ಬಂದಳು, ಮತ್ತೆ ಹಾಕಿದಳು. ಪಕ್ಕದಲ್ಲಿ ಕೂತಿದ್ದ ಮುದುಕರಿಗೆ ಕೇಳದೆಯೇ ಹೋಳಿಗೆಯನ್ನು ಹಾಲಿನಲ್ಲಿ ನೆನೆಸಿ ಕೊಟ್ಟಳು. ಕಮಲಕ್ಕ ಎರಡೂ ಕೈ ಅಡ್ಡ ಹಿಡಿದು ಆಣೆ ಮಾಡುವವರೆಗೂ ಬಿಡಲಿಲ್ಲ. ಕೈತೊಳೆದು ಬಂದ ಕಮಲಕ್ಕ ಸುವರ್ಣಾಳ ಗದ್ದ ಹಿಡಿದು, “ಚಿನ್ನದಂಥಾ ಹುಡಿಗಿ ಆಗ್ಯಾಳಲ್ಲೇ!” ಎಂದರು. ಸುವರ್ಣಾಳಿಗೆ ಭೂಮಿಯ ಮೇಲೆ ಕಾಲು ನಿಲ್ಲಲಿಲ್ಲ. ಬಿಲ್ಲೆ ಕೂಡಿಸಿಯೇ ಬಿಡುವುದು ಎಂದು ಆ ಕ್ಷಣದಲ್ಲಿ ನಿಶ್ಚಯಿಸಿದಳು.

ಎಲ್ಲರೂ ಹೋದ ಮೇಲೆ ಅಡುಗೆಮನೆಗೆ ಬಂದರೆ ಇಂಚರಾ ಒರಳಿನ ಪಕ್ಕ ನೆಲದ ಮೇಲೆ ಕೂತಿದ್ದಳು. ಹಣೆ ಬೆವತಿತ್ತು.

“ಅವ್ವಾ, ಇದನ್ನ ತಗೀಲೇನು?”

“ಯಾಕ ಬಂಗಾರಾ? ಎಷ್ಟ ಚೆಂದ ಬಡಿಸಿದಿ!”

“ಎಲ್ಲಾರ ಮಕಾನೂ ನನಗ ಏನರೆ ಕೇಳಾಕತ್ತಿದ್ದವು. ಒಂದಕ್ಕ ಜವಾಬು ಕೊಡೂದ್ರಾಗ ಇನ್ನೊಂದು. ಗ್ವಾಡಿ ಮ್ಯಾಲಿನ ಮುತ್ಯಾನ ಫೋಟೋ ಸೈತ ಬಿಡಲಿಲ್ಲ.” ಅವಳು ಪಟ್ಟಿಯ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. “ಇವರು ಏನ ತಿಳಕೊಂಡಾರು, ಅವರು ಏನ ತಿಳಕೊಂಡಾರು, ಅದ ಅದ. ಅವ್ವಾ, ನೀ ದಿನಾ ಹಿಂಗ ಇರ್ತೀಯೇನು?”

ಸುವರ್ಣಾ ನಗಲು ನೋಡಿದಳು. “ಮತ್ತ? ಎಲ್ಲಾರೂ ಹಂಗ ಇರ್ತಾರವಾ.”

“ಅಯ್ಯೋ ಪಾಪ,” ಎಂದಳು ಇಂಚರಾ. ಅದರಲ್ಲಿ ಕುಚೋದ್ಯ ಒಂದಿಷ್ಟೂ ಇರಲಿಲ್ಲ. “ಇದಕ್ಕ ಔಷಧ ಇಲ್ಲೇನು?”

ಸುವರ್ಣಾ ಪಾತ್ರೆ ಸರಿಸತೊಡಗಿದಳು.

“ನೀ ಉಂಡಿಯೇನು?” ಎಂದು ಮಗಳು ಕೇಳಿದಳು.

“ಆತವಾ, ಆಗಳೇ ಆತು.”

“ಸುಳ್ಳ. ನಿನ್ನ ಮಕಾ ಹಸದೈತಿ.”

ಸುವರ್ಣಾಳ ಕೈ ನಿಂತಿತು. ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ಅವಳು ಎಲ್ಲರ ಹಸಿವೆ ಓದಿದ್ದಳು, ಅವಳದನ್ನು ಯಾರೂ ಓದಿರಲಿಲ್ಲ. ‘ಆತು’ ಎಂದರೆ ಎಲ್ಲರೂ ನಂಬಿ ಕೈತೊಳೆಯುತ್ತಿದ್ದರು. ಇಂಚರಾ ಎದ್ದು ತಟ್ಟೆಗೆ ಅನ್ನ ಹಾಕಿ ತಂದಿಟ್ಟು, ಎದುರಿಗೆ ಕೂತು, ಅವ್ವನ ಮುಖವನ್ನು ಬಹಳ ಹೊತ್ತು ನೋಡಿದಳು.

“ಇನ್ನೊಂದು ಹೇಳ್ಲಾ? ಮಂದಿನ್ನ ನೋಡುವಾಗ ನಿನ್ನ ಮಕದಾಗ ಸ್ವಲ್ಪ ಹೆದರಿಕಿ ಇರತೈತಿ. ನನ್ನ ನೋಡುವಾಗ ಭಾಳ ಇರತೈತಿ. ನನಗ ಇಷ್ಟು ದಿನಾ ಗೊತ್ತಿರಲಿಲ್ಲ.” ಆಮೇಲೆ ಕೇಳಿದಳು, “ನಾ ಏನ ಮಾಡೀನವಾ?”

ಸುವರ್ಣಾ ತಟ್ಟೆಯಲ್ಲಿ ಕಲಸಿದ ಅನ್ನವನ್ನು ಮತ್ತೆ ಮತ್ತೆ ಕಲಸಿದಳು. ‘ನೀ ಏನೂ ಮಾಡಿಲ್ಲ’ ಎಂದಳು, ಕೊನೆಗೆ. ಆದರೆ ಮಗಳ ತಲೆಯ ಮೇಲೆ ಪಟ್ಟಿ ಇತ್ತು, ಮಗಳು ಮುಖವನ್ನೂ ನೋಡುತ್ತಿದ್ದಳು. ಮಾತಿನಿಂದ ಮುಚ್ಚುವಂತಿರಲಿಲ್ಲ.

*

ಮುಂದಿನ ವಾರ ಪ್ರಯೋಗಾಲಯದಲ್ಲಿ ಇಂಚರಾ ಇದನ್ನೆಲ್ಲ ಡಾಕ್ಟರಿಗೆ ಒಂದೂ ಬಿಡದೆ ಹೇಳಿದಳು. ಡಾಕ್ಟರ್ ಮುಲ್ಲಾ ಸುವರ್ಣಾಳ ಮಾದರಿಯನ್ನು ತೆರೆಯ ಮೇಲೆ ತೆಗೆಸಿದರು. ಮುಖಗಳನ್ನು ಗಮನಿಸುವ ಗೆರೆ ಗುಡ್ಡದಂತೆ ಎದ್ದು ನಿಂತಿತ್ತು.

“ಇದು ಸಹಜ ಸ್ಥಿತಿಯೇನು ಉದಯ? ಮಾದರಿ ತಗೋವಾಗ ಇವರು ಏನು ಮಾಡಾಕತ್ತಿದ್ರು?”

“ಯಾರಿಗೂ ಉಂಡಿ ತಿನಸ್ಲಿಕ್ಕತ್ತಿರಲಿಲ್ರೀ,” ಎಂದ ಜೋಶಿ. ಡಾಕ್ಟರು ಉಂಡಿಯ ಸುದ್ದಿಯನ್ನೇ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅವನು ಕೆಂಪಾಗಿ ಒಪ್ಪಿಕೊಂಡ, “ಮೂರು ತಿಂದೆ. ಭಾಳ ಚೊಲೋ ಇದ್ವು.”

ಪಾಪದ ಹುಡುಗಿಗೆ ಇಷ್ಟು ದಿನ ತೊಡಿಸಿದ್ದು ಸಾಮಾನ್ಯರ ಮನಸ್ಸಲ್ಲ, ಅತಿಥಿಗಳು ಬಂದಾಗಿನ ಸುವರ್ಣಾಳ ಮನಸ್ಸು! ಸುವರ್ಣಾ ನಾಚಿ, “ಹಂಗಾರ ಇನ್ನೊಮ್ಮೆ ತಗೋರಿ, ಈ ಸಲ ಸುಮ್ಮನ ಕೂಡ್ತೀನಿ,” ಎಂದಳು. ತೆಗೆದರು. ಖಾಲಿ ಕೋಣೆ, ಉಂಡಿ ಇಲ್ಲ, ಮಂದಿ ಇಲ್ಲ. ಗೆರೆ ಸ್ವಲ್ಪ ಇಳಿಯಿತು, ಬಹಳವೇನಿಲ್ಲ. ಖಾಲಿ ಕೋಣೆಯಲ್ಲಿ ಕೂತೂ ಅವಳು, ಗಾಜಿನ ಆಚೆ ಇರುವವರಿಗೆ ಚಹಾ ಆಗಿದೆಯೋ ಇಲ್ಲವೋ ಎಂದು ಯೋಚಿಸುತ್ತಿದ್ದಳು.

“ಈಗ ನನ್ನ ಮಾದರಿ ಅವ್ವಗ ಹಾಕ್ರಿ,” ಎಂದಳು ಇಂಚರಾ.

ಯಂತ್ರಕ್ಕೆ ಅದೇನೂ ಕಷ್ಟವಲ್ಲ, ಇಂಚರಾಳ ಗೆರೆಗಳೂ ಅದರಲ್ಲಿ ಮೊದಲೇ ಇದ್ದವು. ಎಡದ ತಂತಿ ಬಲಕ್ಕೆ, ಬಲದ್ದು ಎಡಕ್ಕೆ ಅಷ್ಟೆ. ಆದರೆ ಹಾಗೆ ಮಾಡಬಹುದೆಂದು ಅಲ್ಲಿದ್ದ ಯಾವ ಬುದ್ಧಿವಂತರಿಗೂ ಹೊಳೆದಿರಲಿಲ್ಲ. ತಿಳಿಯಬೇಕಾದವರು ಒಂದೇ ಕಡೆಯವರು ಎಂದು ಎಲ್ಲರೂ ಅಂದುಕೊಂಡಿದ್ದರು.

“ನನಗೂ ಆಟಿಸಂ ಬರತೈತೇನ್ರಿ?” ಎಂದು ಸುವರ್ಣಾ ಹಿಂದೆ ಸರಿದಳು.

“ಅದು ಬರೂದು ಹೋಗೂದು ಅಲ್ರೀ,” ಎಂದರು ಡಾಕ್ಟರು, “ಅರ್ಧ ತಾಸು ಮಗಳ ಸಾಣಿಗಿ ಕಡ ತಗೊಂಡಂಗ.”

ಪಟ್ಟಿ ಹಣೆಗೆ ತಗುಲಿತು. ಮೊದಲು ಬಂದದ್ದು ಬೆಳಕು. ಟ್ಯೂಬ್‌ಲೈಟು ಹಲ್ಲು ಕಡಿಯುತ್ತಿತ್ತು, ಇಷ್ಟು ಹೊತ್ತು ಅದು ಸುಮ್ಮನಿದೆ ಎಂದುಕೊಂಡಿದ್ದಳು. ಕುಪ್ಪಸದ ಕಂಕುಳ ಹೊಲಿಗೆ ಇರುವೆ ಸಾಲಿನಂತೆ ಹರಿಯಿತು. ಯಾರೋ ಸ್ಟೀಲಿನ ಲೋಟ ಕೆಳಗೆ ಬೀಳಿಸಿದರು. ಸುವರ್ಣಾ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಕುಗ್ಗಿಹೋದಳು. ಸದ್ದಲ್ಲ ಅದು, ಏಟು. ‘ನಾಟಕ ಮಾಡಬ್ಯಾಡ, ಕೈ ತಗಿ’ ಎಂದು ಎಷ್ಟು ಸಲ ಮದುವೆಮನೆಗಳಲ್ಲಿ ಈ ಕೈಗಳನ್ನು ತಾನು ಎಳೆದಿದ್ದಳು! ಅಂದಿನ ಪ್ರತಿ ಏಟೂ ಈಗ ಅವಳಿಗೇ ಬಿತ್ತು.

ನಂತರ ನಿಧಾನವಾಗಿ ಇನ್ನೊಂದು ಬಂತು. ಡಾಕ್ಟರು ಎದುರಿಗೇ ಇದ್ದರು, ಜೋಶಿ ಇದ್ದ. ಅವರ ಮುಖಗಳು ಏನನ್ನೂ ಕೇಳುತ್ತಿರಲಿಲ್ಲ. ಜೋಶಿಯ ಮೀಸೆ ಮೀಸೆಯಾಗಿತ್ತು, ಡಾಕ್ಟರ ಹುಬ್ಬು ಹುಬ್ಬಾಗಿತ್ತು. ಸಂತೆ ಮುಗಿದು ಎಲ್ಲ ಅಂಗಡಿಗಳೂ ಬಾಗಿಲು ಹಾಕಿದ ಮೇಲಿನ ಬೀದಿಯ ಹಾಗೆ ಅವಳ ತಲೆ ಖಾಲಿಯಾಯಿತು. ಮೂಲೆಯ ಕೂಲರು ತಿರುಗುತ್ತಿತ್ತು. ಅದರ ಗುಂಯ್‌ನೊಳಗೆ ಇನ್ನೊಂದು ಸಣ್ಣ ಗುಂಯ್, ಅದರೊಳಗೆ ಮತ್ತೊಂದು. ಎಷ್ಟು ಚೆಂದ ಎಂದುಕೊಂಡಳು. ಹುಟ್ಟಿದಾಗಿನಿಂದ ಮನೆಯಲ್ಲಿ ಫ್ಯಾನಿದ್ದೂ ಒಂದು ದಿನವೂ ಅದನ್ನು ಕೇಳಿರಲಿಲ್ಲ.

“ಚಹಾ ತಗೋತೀರೇನ್ರಿ?” ಎಂದರು ಡಾಕ್ಟರು.

“ಬ್ಯಾಡ,” ಎಂದಳು ಸುವರ್ಣಾ. ಬೇಡವಾಗಿತ್ತು, ಬೇಡ ಎಂದಳು. ಅವರು ಏನು ತಿಳಿದುಕೊಂಡಾರು ಎಂಬ ಮಾತು ಹಿಂದಿನಿಂದ ಬರುತ್ತದೆ ಎಂದು ಕಾದಳು. ಬರಲಿಲ್ಲ.

ಆಗ ಮಗಳ ಕಡೆ ತಿರುಗಿದಳು. ಇಂಚರಾ ಕುರ್ಚಿಯಲ್ಲಿ ಕೂತು ಬೆರಳುಗಳನ್ನು ಗಾಳಿಯಲ್ಲಿ ಆಡಿಸುತ್ತಿದ್ದಳು. ಗದ್ದದ ಮೇಲೆ ಚಿಕ್ಕಂದಿನಲ್ಲಿ ಬಿದ್ದ ಗಾಯದ ಕಲೆ. ಹೆಬ್ಬೆರಳಲ್ಲಿ ಬೆಸುಗೆ ಹಾಕುವಾಗ ಸುಟ್ಟುಕೊಂಡ ಗುರುತು. ಕಿವಿಯ ಹತ್ತಿರ ಸುರುಳಿಯಾದ ಕೂದಲು, ಥೇಟ್ ಮಾಸ್ತರರದು. ಮಗಳನ್ನು ನೋಡಿದರೆ ಮಗಳು ಕಂಡಳು. ನಾಳೆ ಹೇಗೆ, ಮಂದಿ ಏನಂದಾರು, ಯಾರು ಇಟ್ಟುಕೊಂಡಾರು, ಯಾವುದೂ ನಡುವೆ ಬರಲಿಲ್ಲ. ಇಷ್ಟು ವರ್ಷ ತಾನು ಇವಳನ್ನು ಸರಿಯಾಗಿ ನೋಡಿಯೇ ಇರಲಿಲ್ಲ ಎನಿಸಿ ಸುವರ್ಣಾ ಬಿಕ್ಕಿ ಬಿಕ್ಕಿ ಅತ್ತಳು.

ಇಂಚರಾಳ ತಲೆಯ ಮೇಲೆ ಈಗ ಪಟ್ಟಿ ಇರಲಿಲ್ಲ. ಅವ್ವ ಯಾಕೆ ಅಳುತ್ತಿದ್ದಾಳೆಂದು ಅವಳಿಗೆ ತಿಳಿಯಲಿಲ್ಲ. ಎದ್ದು ಹೋಗಿ ಟ್ಯೂಬ್‌ಲೈಟು ಆರಿಸಿದಳು.

*

ಬಿಲ್ಲೆ ಕೂಡಿಸುವ ದಿನ ಜೋಶಿ ಎಲ್ಲ ಸಿದ್ಧಮಾಡಿಟ್ಟಿದ್ದ. ಎಲ್ಲರೂ ಸುವರ್ಣಾಳನ್ನು ನೋಡಿದರು. ಅವಳು ಮಗಳ ಕಡೆ ತಿರುಗಿದಳು. “ನಿನಗ ಬೇಕೇನವಾ? ನನ್ನ ಮಕಾ ನೋಡಬ್ಯಾಡ. ಎಷ್ಟ ಹೊತ್ತರೆ ಆಗಲಿ, ವಿಚಾರ ಮಾಡಿ ಹೇಳು.”

ಇಂಚರಾ ನಿಜವಾಗಿಯೂ ಬಹಳ ಹೊತ್ತು ವಿಚಾರ ಮಾಡಿದಳು. ಜೋಶಿ ಎರಡು ಸಲ ಗಡಿಯಾರ ನೋಡಿದ, ಡಾಕ್ಟರು ಕಣ್ಣಲ್ಲೇ ಗದರಿಸಿದರು.

“ಮಿಕ್ಸರಿಗೆ ಬೇಕು,” ಎಂದಳು ಕೊನೆಗೆ. “ಪಟಾಕಿಗೆ ಬೇಕು, ಬಸ್ ಸ್ಟ್ಯಾಂಡಿಗೆ ಬೇಕು. ಮಕಗಳಿಗೆ ಬ್ಯಾಡ. ತಲಿಯೊಳಗ ಬ್ಯಾಡ, ಕೈಯಾಗ ಇರಲಿ. ಹಾಕೂದೂ ನಾನ, ತಗಿಯೂದೂ ನಾನ.”

“ಅಂದ್ರ ಇದು ಕಾಯಿಲೆನೋ ಅಲ್ಲೋ?” ಎಂದ ಜೋಶಿ. ಪಾಪ, ಅವನಿಗೆ ಒಂದು ಉತ್ತರ ಬೇಕಾಗಿತ್ತು.

“ಸದ್ದಿನಿಂದ ನೋವು ಆಗೂದು ಕಾಯಿಲೆ. ಅದಕ್ಕ ಔಷಧ ಕೊಡ್ರಿ. ಫ್ಯಾನು ಮಾತಾಡೂದು ಕಾಯಿಲೆ ಅಲ್ಲ, ಅದನ್ನ ಮುಟ್ಟಬ್ಯಾಡ್ರಿ. ನಿಮ್ಮ ತಮ್ಮಗ ಏನು ಬೇಕಂತ?”

“ಅವಂಗ ಮಾತು ಬರೂದಿಲ್ಲವಾ.”

“ಮಾತು ಬರದಿದ್ರ ಕೇಳಬಾರದಂತೇನು? ಪಟ್ಟಿ ಅವನ ಮುಂದ ಇಡ್ರಿ. ಬೇಕಾದ್ರ ತಗೋತಾನ, ಬ್ಯಾಡಾದ್ರ ಒಗೀತಾನ.”

ಜೋಶಿ ಆ ಸಂಜೆಯೇ ತನ್ನದೇ ಮಾದರಿ ಹಾಕಿ ಸದ್ದನ್ನಷ್ಟೇ ತಗ್ಗಿಸುವ ಒಂದು ಪಟ್ಟಿಯನ್ನು ಮನೆಗೆ ಒಯ್ದು ತಮ್ಮನ ಮುಂದಿಟ್ಟನಂತೆ. ಮೊದಲ ದಿನ ಅದು ಗೋಡೆಗೆ ಬಡಿಯಿತು, ಮರುದಿನವೂ. ಒಂದು ವಾರದ ಮೇಲೆ ಓಣಿಯಲ್ಲಿ ಮೆರವಣಿಗೆಯ ಬ್ಯಾಂಡು ಬಂದಾಗ ತಮ್ಮ ತಾನೇ ಹುಡುಕಿ ತಂದು, ಅವ್ವನ ಸೊಟ್ಟ ಬೆರಳುಗಳ ಕೈಗೆ ಪಟ್ಟಿ ಕೊಟ್ಟು, ತಲೆ ಬಾಗಿಸಿ ನಿಂತ. ಬ್ಯಾಂಡು ಹೋದ ಮೇಲೆ ಕಿತ್ತು ಬದಿಗಿಟ್ಟ. ಇದನ್ನು ಹೇಳುವಾಗ ಜೋಶಿ ಕನ್ನಡಕ ಒರೆಸಿಕೊಂಡ. ಕಾಯಿಲೆ ಎಂಬ ಮಾತನ್ನು ಅವನು ಬಿಡಲಿಲ್ಲ, ರೀತಿ ಎಂಬುದನ್ನು ಡಾಕ್ಟರು ಬಿಡಲಿಲ್ಲ. ಆದರೆ ಅಂದಿನಿಂದ ಹದಪಟ್ಟಿಯ ಗುಂಡಿ ಹಾಕಿಕೊಳ್ಳುವವರ ಕಡೆಗೇ ಇರುವಂತೆ ಕಟ್ಟತೊಡಗಿದರು.

ಹೊರಡುವಾಗ ಸುವರ್ಣಾ ಡಾಕ್ಟರನ್ನು ಬದಿಗೆ ಕರೆದು ಪಿಸುಗುಟ್ಟಿದಳು, “ಡಾಕ್ಟರ್ ಬಾಯಾರ, ಆ ಇಂಚರಾನ ಮಾದರಿ ಐತೆಲ್ಲ, ಅದನ್ನ ವಾರಕ್ಕೊಮ್ಮೆ ಅರ್ಧ ತಾಸು ನನಗ ಹಾಕ್ತೀರೇನು? ಶನಿವಾರ ನನಗ ಕೆಲಸ ಇರಂಗಿಲ್ಲ.”

*

ಯುಗಾದಿಗೆ ಕಮಲಕ್ಕ ಮತ್ತೆ ಬಂದರು. ಪಂಕ್ತಿ ಕೂತಿತು. ಹೋಳಿಗೆ ಬುಟ್ಟಿ ಹಿಡಿದ ಇಂಚರಾಳ ತಲೆಯ ಮೇಲೆ ಪಟ್ಟಿ ಇಲ್ಲದ್ದನ್ನು ನೋಡಿ ಕಮಲಕ್ಕನ ಮುಖ ಸಣ್ಣದಾಯಿತು. ಆದರೆ ಇಂಚರಾ ಮುಖ ನೋಡಲಿಲ್ಲ. ಎಲ್ಲರ ಎದುರು ನಿಂತು, ಕಿಟಕಿಯ ಕಡೆ ನೋಡುತ್ತ, ಗಟ್ಟಿಯಾಗಿ ಹೇಳಿದಳು:

“ನಮ್ಮನ್ಯಾಗ ಸಾಕು ಅಂದ್ರ ಸಾಕು. ಬೇಕಾದ್ರ ಬೇಕು ಅನ್ರಿ. ನಾ ಕೊಡ್ತೀನಿ. ಏನೂ ತಿಳಕೊಳ್ಳಂಗಿಲ್ಲ.”

ಪಂಕ್ತಿಯಲ್ಲಿ ಯಾರೋ ಕೆಮ್ಮಿದರು. ಮಾಸ್ತರರು ಮೀಸೆಯಲ್ಲೇ ನಕ್ಕರು. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಇಂಚರಾ ಕಮಲಕ್ಕನ ಮುಂದೆ ಬಂದು ಒಂದು ಹೋಳಿಗೆ ಹಾಕಿದಳು. ಅದು ಮುಗಿದಾಗ ಮತ್ತೆ ಬಂದು ನಿಂತಳು. “ಅತ್ತಿ, ಬೇಕೋ ಸಾಕೋ?”

ಕಮಲಕ್ಕ ಅತ್ತಿತ್ತ ನೋಡಿದರು. ಬಾಯಿ ‘ಸಾ’ ಎಂದು ತೆರೆದು ನಿಂತಿತು. ನಿವೃತ್ತಿಯ ಊಟದ ದಿನದ ಹಸಿವೆ ನೆನಪಾಗಿರಬೇಕು. “ಬೇಕವಾ,” ಎಂದರು ಸಣ್ಣ ದನಿಯಲ್ಲಿ. ಹಾಕಿದ ಮೇಲೆ ಧೈರ್ಯ ಬಂತು. “ಇನ್ನೊಂದು ಬೇಕು. ತುಪ್ಪಾನೂ ಬೇಕು. ಆ ಕಟ್ಟಿನ ಸಾರೂ ತಾ ಇಲ್ಲೆ.” ಪಂಕ್ತಿಗೆ ಪಂಕ್ತಿಯೇ ನಕ್ಕಿತು, ಒಬ್ಬೊಬ್ಬರಾಗಿ ಬೇಕು ಬೇಕು ಎನ್ನತೊಡಗಿದರು. ಕಮಲಕ್ಕ ತುಪ್ಪದ ಕೈಯನ್ನೇ ಎತ್ತಿ ಸುವರ್ಣಾಳಿಗೆ ಹೇಳಿದರು, “ನೋಡವಾ, ನಾಳೆ ಕೈಲಾಗದ ಕಾಲಕ್ಕ ನಾ ಈ ಹುಡಿಗಿ ಹತ್ರನ ಬಂದು ಇರಾಕಿ. ಇಲ್ಲೆ ನಾಟಕ ಮಾಡದನ ಹೊಟ್ಟಿ ತುಂಬತೈತಿ.”

ಯಾರು ಇಟ್ಟುಕೊಂಡಾರು ಎಂದು ಕೇಳಿದ ಬಾಯಿಯೇ ಅದು. ಸುವರ್ಣಾಳ ಎದೆಯ ಮುಳ್ಳು ಪೂರ್ತಿ ಹೋಯಿತೆಂದಲ್ಲ, ಹೆತ್ತವರ ಎದೆಯ ಮುಳ್ಳು ಹಾಗೆಲ್ಲ ಹೋಗುವುದೂ ಇಲ್ಲ. ಆದರೆ ಚುಚ್ಚುವುದು ನಿಂತಿತು.

ಅಂದು ಅವಳು ಮೊದಲ ಸಲ ಎಲ್ಲರ ಜೊತೆ ಪಂಕ್ತಿಯಲ್ಲಿ ಕೂತಿದ್ದಳು, ಮಗಳು ಹಟಮಾಡಿ ಕೂಡಿಸಿದ್ದಳು. ಇಂಚರಾ ಬುಟ್ಟಿ ಹಿಡಿದು ಅವಳ ಮುಂದೆ ಬಂದು ನಿಂತಳು. “ಅವ್ವಾ, ನಿನಗ?”

‘ಸಾಕು’ ಎಂಬುದು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು, ಹಳೆಯ ರೂಢಿ. ಸುವರ್ಣಾ ತಲೆ ಎತ್ತಿದಳು. ಮಗಳು ಅವಳ ಮುಖ ನೋಡುತ್ತಿರಲಿಲ್ಲ, ಕಿವಿಯ ಓಲೆಯ ಹತ್ತಿರ ಎಲ್ಲೋ ನೋಡುತ್ತ ಕಾಯುತ್ತಿದ್ದಳು. ತಾನು ಏನು ಹೇಳಿದರೂ ಅದನ್ನು ಹಾಗೆಯೇ ನಂಬಿಬಿಡುವ ಒಂದೇ ಒಂದು ಜೀವ ಅದು.

“ಬೇಕವಾ,” ಎಂದಳು ಸುವರ್ಣಾ. “ಎರಡು.”

ಇಂಚರಾ ಎರಡು ಹೋಳಿಗೆ ಹಾಕಿ ಮುಂದಿನವರ ಕಡೆ ಹೋದಳು.